ಸಿಪ್ಪೆಯ ಘಮ ಹಾರಿದ ಮೇಲೆ: ಮುಂಬಯಿ ಸೆಕೆಯಲ್ಲಿ ಗಂಡಸರ ಸಿಟ್ರಸ್ ಪರ್ಫ್ಯೂಮ್ ಪರೀಕ್ಷಿಸುವ ಬಗೆ

ಕಿತ್ತಳೆ ಸಿಪ್ಪೆಯನ್ನು ಎರಡು ಬೆರಳ ನಡುವೆ ಮಡಚಿ ಹಿಂಡಿದರೆ ಸಣ್ಣ ತುಂತುರು ಚಿಮ್ಮುತ್ತದಲ್ಲ, ಸಿಟ್ರಸ್ ಪರ್ಫ್ಯೂಮಿನ ಮೊದಲ ಉಸಿರು ಅದೇ. ನಿಂಬೆ, ಕಿತ್ತಳೆ, ಬರ್ಗಮಾಟ್, ಗ್ರೇಪ್‌ಫ್ರೂಟ್, ಯಾವುದೇ ಇರಲಿ, ಎಣ್ಣೆ ಇರುವುದು ಸಿಪ್ಪೆಯ ಹೊರಮೈಯ ಸೂಜಿಮೊನೆಯಷ್ಟು ಸಣ್ಣ ಚೀಲಗಳಲ್ಲಿ. ಬಿಸಿ ತಾಗಿಸದೆ ಸಿಪ್ಪೆ ಒತ್ತಿ ಅದನ್ನು ತೆಗೆಯುತ್ತಾರೆ. ಆ ಘಮ ಎಷ್ಟು ಬೇಗ ಮನಸ್ಸು ಗೆಲ್ಲುತ್ತದೋ ಅಷ್ಟೇ ಬೇಗ ಹಾರಿಯೂ ಹೋಗುತ್ತದೆ. ಮಾಲ್‌ನ ಕೌಂಟರಿನಲ್ಲಿ ನಿಮ್ಮನ್ನು ಒಲಿಸುವುದು ಮೊದಲ ಹತ್ತು ನಿಮಿಷ. ಮನೆಗೆ ತಂದ ಮೇಲೆ ನಿಮ್ಮ ಮೈಮೇಲೆ ಉಳಿಯುವುದು ಆಮೇಲಿನ ಐದಾರು ಗಂಟೆ. ಹೊರದೇಶದ ನೀಶ್ (ಸಣ್ಣ ತಯಾರಕರು ಸೀಮಿತವಾಗಿ ಮಾಡುವ) ಪರ್ಫ್ಯೂಮಿನ 100 ಮಿಲಿ ಬಾಟಲಿ 15,000 ರೂಪಾಯಿ ದಾಟುವುದು ಸಾಮಾನ್ಯವಾದ್ದರಿಂದ, ಪರೀಕ್ಷೆಯೆಲ್ಲ ಆ ಐದಾರು ಗಂಟೆಯ ಮೇಲೆಯೇ ನಡೆಯಬೇಕು.

ಇದು ಯಾಕೆ ಹೀಗೆ ಎಂದು ಮೊದಲು ತಿಳಿದರೆ ಮುಂದಿನ ಹೆಜ್ಜೆಗಳು ಸುಲಭ. ಸಿಹಿ ಕಿತ್ತಳೆ ಎಣ್ಣೆಯಲ್ಲಿ ಶೇ 90ಕ್ಕೂ ಹೆಚ್ಚು ಲಿಮೊನೀನ್ ಎಂಬ ಒಂದೇ ವಸ್ತು. ಅದರ ಅಣು ಚಿಕ್ಕದು, ಹಗುರ. ಬೆಚ್ಚಗಿನ ಚರ್ಮದ ಮೇಲಿಂದ ನಿಮಿಷಗಳಲ್ಲಿ ಆವಿಯಾಗುತ್ತದೆ. ಬರ್ಗಮಾಟ್‌ನಲ್ಲಿ ಲಿಮೊನೀನ್ ಪಾಲು ಕಡಿಮೆ. ಜೊತೆಗೆ ಲಿನಲೈಲ್ ಅಸಿಟೇಟ್, ಲಿನಲೂಲ್ ಇರುವುದರಿಂದ ಅದು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಸ್ವಲ್ಪ ಹೂವಿನಂತೆಯೂ ಘಮಿಸುತ್ತದೆ. ಇಟಲಿಯ ಕಲಾಬ್ರಿಯಾದ ಬರ್ಗಮಾಟ್‌ಗೆ ಪರ್ಫ್ಯೂಮ್ ಲೋಕದಲ್ಲಿ ಇರುವ ಬೆಲೆಗೆ ಇದೂ ಒಂದು ಕಾರಣ. ಆದರೂ ಸಿಪ್ಪೆಯ ಎಣ್ಣೆಯೊಂದರಿಂದ ಸಂಜೆಯವರೆಗೆ ಸಾಗಿಸಲು ಯಾರಿಗೂ ಆಗಿಲ್ಲ. ಹಾಗಾಗಿ ತಯಾರಕರು ಸಿಪ್ಪೆಯ ಕೆಳಗೆ ಬೇರೆ ಬೇರೆ ಮೆಟ್ಟಿಲು ಇಡುತ್ತಾರೆ. ಕಿತ್ತಳೆ ಜಾತಿಯ ಎಲೆ-ಕಡ್ಡಿ ಬಟ್ಟಿಯಿಳಿಸಿದ ಪೆಟಿಗ್ರೇನ್, ಹೂವಿನಿಂದ ಬಂದ ನೆರೋಲಿ, ಲಾವಂಚ, ದೇವದಾರು, ಕಸ್ತೂರಿಯಂಥ ಬಿಳಿ ಮಸ್ಕ್, ಅಂಬರಿನ ಘಮದ ಆಂಬ್ರಾಕ್ಸಾನ್. ಮಲ್ಲಿಗೆಯ ಗಾಳಿಯಂಥ ಹೆಡಿಯೋನ್ ಕೂಡ ಇದಕ್ಕೆ ಹೇಳಿಮಾಡಿಸಿದ್ದು. 1966ರಲ್ಲಿ ಪರ್ಫ್ಯೂಮ್ ತಯಾರಕ ಎಡ್ಮಂಡ್ ರೂದ್ನಿತ್ಸ್ಕಾ ಡಿಯೋರ್‌ಗೆ ಮಾಡಿಕೊಟ್ಟ ‘ಓ ಸೊವಾಜ್’ ನಿಂಬೆಯ ತಾಜಾತನವನ್ನು ಎಳೆದು ನಿಲ್ಲಿಸಿದ್ದು ಅದರ ಬಲದಿಂದ. ನೀವು ಕೊಡುವ ದುಡ್ಡಿನ ಬಹುಪಾಲು ಈ ಮೆಟ್ಟಿಲುಗಳಿಗೆ ಸಲ್ಲಬೇಕು. ಸಿಪ್ಪೆ ಚೆನ್ನಾಗಿದ್ದು ಕೆಳಗಡೆ ಏನೂ ಇಲ್ಲದ ಪರ್ಫ್ಯೂಮ್ ಬಹಳ ಇವೆ.

ಡಬ್ಬಿಯ ಮೇಲಿನ ಮಾತುಗಳ ಬಗ್ಗೆ ಎರಡೇ ಮಾತು. ನೀಶ್ ಎನ್ನುವುದಕ್ಕೆ ಕಾನೂನಿನ ವ್ಯಾಖ್ಯೆ ಯಾವುದೂ ಇಲ್ಲ. ನೀಶ್ ಎಂದು ಶುರುವಾದ ಎಷ್ಟೋ ಪರ್ಫ್ಯೂಮ್ ಮನೆಗಳು (ತಯಾರಿಕಾ ಸಂಸ್ಥೆಗಳು) ಈಗ ದೊಡ್ಡ ಕಂಪನಿಗಳ ಕೈಯಲ್ಲಿವೆ. 2016ರಲ್ಲಿ ಲೋರಿಯಲ್ ಕಂಪನಿ ಅತೆಲಿಯೇ ಕೊಲೋನ್ ಎಂಬ ನೀಶ್ ಮನೆಯನ್ನು ಕೊಂಡಿತು. ‘ಗಂಡಸರಿಗೆ’ ಎಂಬುದೂ ಅಷ್ಟೇ. 1709ರಲ್ಲಿ ಜರ್ಮನಿಯ ಕೊಲೋನ್ ಊರಿನಲ್ಲಿ ಶುರುವಾದ ಫರೀನಾ ಮನೆಯ ಮೂಲ ಕೊಲೋನ್ ನೀರನ್ನು ಹೆಂಗಸರು ಗಂಡಸರು ಇಬ್ಬರೂ ಬಳಸಿದರು. ಆದ್ದರಿಂದ ಕೌಂಟರಿನಲ್ಲಿ ‘ಯುನಿಸೆಕ್ಸ್’ ಸಾಲನ್ನು ದಾಟಿ ಹೋಗಬೇಡಿ, ಒಳ್ಳೆಯ ಸಿಟ್ರಸ್ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಗಮನಿಸಬೇಕಾದದ್ದು ಸಾಂದ್ರತೆ. ಓ ದ ಕೊಲೋನ್‌ನಲ್ಲಿ ಸುಗಂಧದ ಪಾಲು ಸುಮಾರು ಶೇ 2ರಿಂದ 5, ಓ ದ ಟಾಯ್ಲೆಟ್‌ನಲ್ಲಿ 5ರಿಂದ 15, ಓ ದ ಪರ್ಫಾಂನಲ್ಲಿ 15ರಿಂದ 20. ಇವು ಅಂದಾಜು ಅಷ್ಟೇ, ಮನೆಯಿಂದ ಮನೆಗೆ ಬದಲಾಗುತ್ತವೆ. ಸಾಂದ್ರತೆ ಹೆಚ್ಚಿದರೆ ಸಿಪ್ಪೆಯ ಆಯುಷ್ಯವೂ ಹೆಚ್ಚುತ್ತದೆ ಎಂದುಕೊಳ್ಳುವುದು ತಪ್ಪು. ಹೆಚ್ಚುವುದು ಬಹುಮಟ್ಟಿಗೆ ಕೆಳಗಿನ ಮರ, ಮಸ್ಕ್‌ಗಳ ಕಾಲ.

ಮೊದಲು ಮಾಟುಂಗ ಮಾರ್ಕೆಟ್

ಅಂಗಡಿಗೆ ಹೋಗುವ ಮುಂಚೆ ಮೂಗಿಗೆ ಒಂದು ವಾರ ಪಾಠ ಕೊಡಿ, ಖರ್ಚು ನೂರೈವತ್ತು ರೂಪಾಯಿ ಆದರೆ ಹೆಚ್ಚು. ಮಾಟುಂಗ ಮಾರ್ಕೆಟಿನಿಂದಲೋ ನಿಮ್ಮ ಬೀದಿಯ ಹಣ್ಣಿನ ಗಾಡಿಯಿಂದಲೋ ನಿಂಬೆ, ಮೋಸಂಬಿ, ಕಿತ್ತಳೆ ತನ್ನಿ. ಸಿಕ್ಕಿದರೆ ಚಕ್ಕೋತ, ಹೇರಳೆಕಾಯಿ ಕೂಡ. ಒಂದೊಂದರ ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಸಿ, ಕಣ್ಣು ಮುಚ್ಚಿ ಗುರುತು ಹಿಡಿಯಿರಿ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಬೆರಕೆಯಿಂದ, ಹಾಗಾಗಿ ಚಕ್ಕೋತದ ಕಹಿ ಗೊತ್ತಿದ್ದರೆ ಅದೂ ಗೊತ್ತಾಗುತ್ತದೆ. ನಿಂಬೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಬರುವ ಹಸಿರು, ಒಗರು ವಾಸನೆ ಪೆಟಿಗ್ರೇನ್‌ಗೆ ಹತ್ತಿರ. ಬರ್ಗಮಾಟ್ ಇಲ್ಲಿ ಬೆಳೆಯುವುದಿಲ್ಲ. ಅರ್ಲ್ ಗ್ರೇ ಚಹಾದ ಒಂದು ಚೀಲ ತಂದರೆ ಸಾಕು, ಆ ಚಹಾಕ್ಕೆ ಹಾಕುವ ಘಮವೇ ಅದು. ಗ್ರಂಥಿಗೆ ಅಂಗಡಿಯ ಲಾವಂಚದ ಬೇರನ್ನು ನೀರಲ್ಲಿ ನೆನೆಸಿ ಮೂಸಿ. ಸಿಟ್ರಸ್ ಪರ್ಫ್ಯೂಮ್ ಮೂರು ಗಂಟೆಯ ನಂತರ ಎಲ್ಲಿಗೆ ಇಳಿಯುತ್ತದೆ ಎಂದು ಹೆಸರಿಟ್ಟು ಹೇಳಬೇಕಾದರೆ ಈ ಆರೇಳು ವಾಸನೆಗಳು ನಾಲಗೆಯ ತುದಿಯಲ್ಲಿರಬೇಕು. ಗೊತ್ತಿಲ್ಲದಿದ್ದರೆ ಎಲ್ಲವೂ ‘ಫ್ರೆಶ್’ ಎಂಬ ಒಂದೇ ಪದಕ್ಕೆ ಸೇರಿಹೋಗುತ್ತದೆ, ಆ ಪದ ಸಹಾಯಕ್ಕೆ ಬರುವುದಿಲ್ಲ.

ಅಂಗಡಿಯಲ್ಲಿ

ಲೋವರ್ ಪರೇಲಿನ ಪಲಾಡಿಯಂ ಆಗಲಿ, ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಮಾಲ್ ಆಗಲಿ, ವಾರದ ದಿನ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗುವುದು ಒಳ್ಳೆಯದು. ಭಾನುವಾರ ಸಂಜೆ ಅಲ್ಲಿನ ಗಾಳಿಯಲ್ಲೇ ಇಪ್ಪತ್ತು ಪರ್ಫ್ಯೂಮ್ ತೇಲುತ್ತಿರುತ್ತವೆ. ಆ ದಿನ ಮನೆಯಲ್ಲಿ ಯಾವ ಸೆಂಟೂ ಬೇಡ, ಡಿಯೋಡರೆಂಟೂ ಬೇಡ. ಮೈಸೂರ್ ಸ್ಯಾಂಡಲ್ ಸೋಪಿನಲ್ಲಿ ಮಿಂದ ಮೈ ಗಂಧ ಸೂಸುತ್ತಲೇ ಇರುತ್ತದೆ. ಪರೀಕ್ಷೆಯ ದಿನಗಳಲ್ಲಿ ವಾಸನೆಯಿಲ್ಲದ ಸೋಪು ಬಳಸಿ. ತಲೆಗೆ ತೆಂಗಿನೆಣ್ಣೆ, ದೇವರ ಮುಂದೆ ಊದುಬತ್ತಿ ಇದ್ದರೆ ಅಂಗಿಗೂ ಅದರ ವಾಸನೆ ಹಿಡಿಯುತ್ತದೆ ಎಂಬುದು ನೆನಪಿರಲಿ. ನೆಗಡಿ ಇದ್ದರೆ ಹೋಗಲೇಬೇಡಿ.

ಟೆಸ್ಟರ್ ಬಾಟಲಿಯ ಮೊದಲ ಸ್ಪ್ರೇ ಗಾಳಿಗೆ ಹೋಗಲಿ. ಕೊಳವೆಯಲ್ಲಿ ನಿಂತ ದ್ರವ ಹಳಸಿರುತ್ತದೆ, ಸಿಟ್ರಸ್‌ನಲ್ಲಿ ಅದು ಎದ್ದು ಕಾಣುತ್ತದೆ. ಎರಡನೆಯದನ್ನು 10ರಿಂದ 15 ಸೆಂಟಿಮೀಟರ್ ದೂರದಿಂದ ಕಾಗದದ ಪಟ್ಟಿಗೆ ಹೊಡೆದು, ಪಟ್ಟಿಯ ಮೇಲೆ ಹೆಸರು, ಸಮಯ ಎರಡನ್ನೂ ಪೆನ್ನಿನಲ್ಲಿ ಬರೆಯಿರಿ. ಬರೆಯದಿದ್ದರೆ ಜೇಬಿನಲ್ಲಿ ನಾಲ್ಕು ಪಟ್ಟಿ ಸೇರಿ ಯಾವುದು ಯಾವುದೆಂದು ತಿಳಿಯದೆ ಅರ್ಧ ದಿನ ವ್ಯರ್ಥ. ತಕ್ಷಣ ಮೂಸಿದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆಯುತ್ತದೆ. ಅರ್ಧ ನಿಮಿಷ ಗಾಳಿಗೆ ಹಿಡಿದು ಆಮೇಲೆ ಮೂಸಿ. ಒಂದು ಸಲಕ್ಕೆ ನಾಲ್ಕು, ಹೆಚ್ಚೆಂದರೆ ಐದು. ಅದಕ್ಕಿಂತ ಮುಂದೆ ಮೂಗು ದಣಿಯುತ್ತದೆ.

ಕೌಂಟರಿನಲ್ಲಿ ಬಟ್ಟಲು ತುಂಬ ಕಾಫಿ ಬೀಜ ಇಟ್ಟಿರುತ್ತಾರೆ, ಮೂಗು ಮತ್ತೆ ಚುರುಕಾಗಲಿ ಎಂದು. ಕಾಫಿಗೆ ಅಂಥ ವಿಶೇಷ ಶಕ್ತಿಯೇನೂ ಇಲ್ಲ, ಅದು ಇನ್ನೊಂದು ಗಟ್ಟಿ ವಾಸನೆ ಅಷ್ಟೇ. ಐದು ನಿಮಿಷ ಹೊರಗೆ ಬಂದು ನಿಲ್ಲಿ, ಇಲ್ಲವೇ ಏನೂ ಹಚ್ಚದ ನಿಮ್ಮ ಮೊಣಕೈ ಮಡಿಕೆಯನ್ನೇ ಮೂಸಿ.

ಪಟ್ಟಿಗಳನ್ನು 10 ನಿಮಿಷವಾದಾಗ ಒಮ್ಮೆ, ಅರ್ಧ ಗಂಟೆಯಾದಾಗ ಇನ್ನೊಮ್ಮೆ ಮೂಸಿದ ಮೇಲೆ ಎರಡನ್ನು ಮಾತ್ರ ಆರಿಸಿ ಒಂದೊಂದು ಕೈಗೆ ಒಂದೊಂದು ಹಾಕಿಸಿಕೊಳ್ಳಿ. ಮಣಿಕಟ್ಟಿಗಿಂತ ಮೊಣಕೈಯ ಒಳಮಡಿಕೆ ವಾಸಿ. ಕೈ ತೊಳೆದರೂ ಉಳಿಯುತ್ತದೆ, ಗಡಿಯಾರದ ಪಟ್ಟಿಯ ಬೆವರು ತಾಗುವುದಿಲ್ಲ. ಎರಡು ಕೈ ಸೇರಿಸಿ ಉಜ್ಜಬೇಡಿ. ಉಜ್ಜಿದರೆ ಅಣು ಒಡೆಯುತ್ತದೆ ಎನ್ನುವುದು ಸುಳ್ಳು, ಆದರೆ ಬಿಸಿಯಾಗಿ ಸಿಪ್ಪೆಯ ಘಮ ಇನ್ನೂ ಬೇಗ ಹಾರುತ್ತದೆ ಎನ್ನುವುದು ನಿಜ. ಆಮೇಲೆ ಹೊರಟುಬಿಡಿ. ಮಾರುವವರು ಎಷ್ಟೇ ರಿಯಾಯಿತಿ ಹೇಳಿದರೂ ಅಂದೇ ಕೊಳ್ಳಬೇಡಿ. ತಣ್ಣಗಿನ ಎಸಿ ಮಾಲ್‌ನಲ್ಲಿ ಕಂಡದ್ದು ದಾದರ್ ಸೇತುವೆಯ ಮೇಲೆ ಉಳಿಯುವುದೇ ಎಂಬುದು ಇನ್ನೂ ಗೊತ್ತಾಗಿಲ್ಲ.

ಮುಂದಿನ ಹೆಜ್ಜೆ ಸ್ಯಾಂಪಲ್. ಕೆಲವು ಮನೆಗಳು ತಾವೇ ಸಣ್ಣ ಶೀಶೆಗಳ ಸೆಟ್ ಮಾರುತ್ತವೆ. ಮುಂಬಯಿಯ ಬಾಂಬೆ ಪರ್ಫ್ಯೂಮರಿಯಂಥ ಇಲ್ಲಿನ ಮನೆಗಳದ್ದೂ ಸಿಗುತ್ತದೆ. ಬೇರೆಯವರು ದೊಡ್ಡ ಬಾಟಲಿಯಿಂದ ಹಂಚಿ ಮಾರುವ ಡಿಕ್ಯಾಂಟ್ ಕೊಳ್ಳುವುದಾದರೆ ಮೂಲ ಬಾಟಲಿಯ ಫೋಟೊ, ಬ್ಯಾಚ್ ಸಂಖ್ಯೆ ಕೇಳಿ ಪಡೆಯಿರಿ. 2 ಮಿಲಿ ಬೇಕು, ಅದೂ ಸ್ಪ್ರೇ ಇರುವ ಶೀಶೆ. ಕಡ್ಡಿಯಿಂದ ಹಚ್ಚುವ 1 ಮಿಲಿ ಶೀಶೆಯಲ್ಲಿ ಸಿಟ್ರಸ್ ಬೇರೆಯೇ ಆಗಿ ಕಾಣುತ್ತದೆ. ಸ್ಪ್ರೇ ಆದಾಗ ಹನಿಗಳು ಹರಡಿ ಸಿಪ್ಪೆ ಒಮ್ಮೆಗೇ ಅರಳುತ್ತದೆ, ಹಚ್ಚಿದಾಗ ಒಂದೇ ಕಡೆ ನಿಂತು ಮಂಕಾಗುತ್ತದೆ. 2 ಮಿಲಿಯಲ್ಲಿ ಸುಮಾರು 20ರಿಂದ 30 ಸ್ಪ್ರೇ. ದಿನಕ್ಕೆ ನಾಲ್ಕು ಬಳಸಿದರೂ ಐದು ದಿನಕ್ಕೆ ಸಾಕು.

ಇಡೀ ದಿನದ ಪರೀಕ್ಷೆ

ಮೊದಲ ರಾತ್ರಿ ಮೊಣಕೈ ಒಳಮಡಿಕೆಗೆ ಒಂದೇ ಸ್ಪ್ರೇ ಹಾಕಿ ಎರಡು ದಿನ ಬಿಡಿ. ಕೆಂಪಗಾಗುವುದು, ತುರಿಸುವುದು ಇದ್ದರೆ ಅಲ್ಲಿಗೇ ನಿಲ್ಲಿಸಿ. ಸಿಟ್ರಸ್‌ಗೆ ಇನ್ನೊಂದು ಎಚ್ಚರಿಕೆಯಿದೆ. ಒತ್ತಿ ತೆಗೆದ ಬರ್ಗಮಾಟ್, ನಿಂಬೆ ಎಣ್ಣೆಗಳಲ್ಲಿ ಬರ್ಗಾಪ್ಟೀನ್ ಎಂಬುದು ಇರುತ್ತದೆ. ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಕಂದು ಕಲೆ ಉಳಿಯುತ್ತದೆ. ದೊಡ್ಡ ಮನೆಗಳು ಅದನ್ನು ತೆಗೆದ ಬರ್ಗಮಾಟ್ ಬಳಸುತ್ತವೆ ಅಥವಾ ಅಂತರರಾಷ್ಟ್ರೀಯ ಮಿತಿಯೊಳಗೆ ಇಡುತ್ತವೆ. ಆದರೂ ಆಜಾದ್ ಮೈದಾನದಲ್ಲಿ ಕ್ರಿಕೆಟ್ ಆಡಲು ಹೊರಟ ದಿನ ಕುತ್ತಿಗೆಗೆ ಹೊಡೆದುಕೊಳ್ಳಬೇಡಿ, ಅಂಗಿಯೊಳಗೆ ಎದೆಗೆ ಹಾಕಿ. ಲೇಬಲ್ ಇಲ್ಲದ ಬಿಡಿ ಎಣ್ಣೆಗಳ ವಿಷಯದಲ್ಲಂತೂ ಇದು ಕಟ್ಟುನಿಟ್ಟು.

ಚರ್ಮ ಒಪ್ಪಿತೆಂದರೆ ಕೆಲಸದ ದಿನವೊಂದನ್ನು ಆರಿಸಿ. ಮಿಂದು, ಮೈ ಪೂರ್ತಿ ಒರೆಸಿ, ಫ್ಯಾನ್ ಕೆಳಗೆ ಹತ್ತು ನಿಮಿಷ ಕೂತು ಬೆವರು ನಿಂತ ಮೇಲೆ ಎದೆಗೆ ಒಂದು, ಎಡ ಮೊಣಕೈ ಮಡಿಕೆಗೆ ಒಂದು, ಅಂಗಿಯ ಒಳಬದಿಗೆ ಒಂದು ಸ್ಪ್ರೇ. ಬಲಗೈ ಖಾಲಿ ಇರಲಿ, ಹೋಲಿಸಲು ಬೇಕು. ಆಗಷ್ಟೇ ಕ್ಷೌರ ಮಾಡಿದ ಗಲ್ಲಕ್ಕೆ ಬೇಡವೇ ಬೇಡ. ಚರ್ಮ ಒಣಗುವ ಸ್ವಭಾವದ್ದಾದರೆ ವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಸವರಿ ಅದರ ಮೇಲೆ ಹಾಕಿ. ಜಿಡ್ಡಿನ ಮೈಯಲ್ಲಿ ಪರಿಮಳ ಹೆಚ್ಚು ಹೊತ್ತು ಕೂರುತ್ತದೆ.

ಈಗ ಫೋನಿನಲ್ಲಿ ಬರೆದಿಡುವ ಕೆಲಸ. ಹಾಕಿದ ಕ್ಷಣ, 10 ನಿಮಿಷ, 30 ನಿಮಿಷ, 1 ಗಂಟೆ, 3 ಗಂಟೆ, 6 ಗಂಟೆ. ಪ್ರತಿ ಸಲ ಮೂರು ವಿಷಯ ಸಾಕು: ಯಾವ ವಾಸನೆ ಮುಂದಿದೆ, ಎಷ್ಟು ದೂರಕ್ಕೆ ಬರುತ್ತಿದೆ, ಇಷ್ಟವಾಯಿತೇ. ದೂರಕ್ಕೆ ನಮ್ಮ ಹಳೆಯ ಅಳತೆಗಳೇ ಚೆನ್ನ. ಮೂಗು ತಾಗಿಸಿದರೆ ಮಾತ್ರವೇ, ಒಂದು ಗೇಣಿಗೆ ಬರುತ್ತದೆಯೇ, ಮೊಳದಷ್ಟು ದೂರಕ್ಕೆ ಬರುತ್ತದೆಯೇ. ಒಳ್ಳೆಯ ಸಿಟ್ರಸ್ ಮೊದಲ ಅರ್ಧ ಗಂಟೆ ಮೊಳಕ್ಕೆ, ಎರಡು ಗಂಟೆಯ ಹೊತ್ತಿಗೆ ಗೇಣಿಗೆ, ನಾಲ್ಕು ಗಂಟೆಗೆ ಚರ್ಮಕ್ಕೆ ಇಳಿಯುತ್ತದೆ. ಅದನ್ನು ದೋಷ ಎನ್ನಲಾಗದು.

ಮುಂಬಯಿ ದಿನದಲ್ಲಿ ಎರಡು ಹವೆ ಇವೆ, ಎರಡನ್ನೂ ದಾಟಿಸಬೇಕು. ಡೊಂಬಿವಲಿಯಿಂದ ದಾದರ್‌ವರೆಗಿನ ಫಾಸ್ಟ್ ಲೋಕಲ್‌ನ ಒಂದು ಗಂಟೆ ಒಂದು ಹವೆ. ಸೆಕೆಗೆ ಚರ್ಮ ಬಿಸಿಯಾಗಿ ಎಣ್ಣೆ ಬೇಗ ಆವಿಯಾಗುತ್ತದೆ, ತೇವದ ಗಾಳಿಯಲ್ಲಿ ವಾಸನೆ ಮೂಗಿಗೆ ಇನ್ನೂ ಗಾಢವಾಗಿ ತಾಗುತ್ತದೆ. ಎಸಿ ಕಚೇರಿ ಇನ್ನೊಂದು ಹವೆ. ತಂಪಿಗೆ ಎಲ್ಲ ನಿಧಾನವಾಗಿ ಪರಿಮಳ ಮೈಗೆ ಅಂಟಿಕೊಂಡು ಕೂರುತ್ತದೆ, ದೂರಕ್ಕೆ ಹೋಗುವುದಿಲ್ಲ. ರೈಲಿನಲ್ಲಿ ಜೋರಾಗಿ ಕಂಡದ್ದು ಕಚೇರಿಯಲ್ಲಿ ಕಾಣದಿದ್ದರೆ ಮುಗಿದೇಹೋಯಿತು ಎಂದು ಬರೆಯಬೇಡಿ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಮತ್ತೆ ಮೇಲೇಳುತ್ತದೆಯೇ ನೋಡಿ. ನಿಮ್ಮ ಮೂಗು ನಿಮ್ಮ ಮೈಯ ಪರಿಮಳಕ್ಕೆ ಅರ್ಧ ಗಂಟೆಯಲ್ಲಿ ಒಗ್ಗಿಬಿಡುತ್ತದೆ, ಅದರಲ್ಲೂ ಮಸ್ಕ್, ಆಂಬ್ರಾಕ್ಸಾನ್ ಬಗೆಯವಕ್ಕೆ. ಕೆಲವು ಮಸ್ಕ್‌ಗಳಂತೂ ಕೆಲವರ ಮೂಗಿಗೆ ತಾಗುವುದೇ ಇಲ್ಲ. ಪಕ್ಕದ ಮೇಜಿನವರನ್ನೋ ಮನೆಯವರನ್ನೋ ಕೇಳಿ. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಬರ್ತಾ ಇದೆಯಾ, ಯಾವ ಥರ’ ಎಂದು ಕೇಳಿ.

ಇನ್ನೊಂದು ದಿನ ಬಯಲಿನಲ್ಲಿ ಓಡಾಟ ಇರುವ ಭಾನುವಾರವಾಗಲಿ, ಮತ್ತೊಂದು ಸಂಜೆ ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮದಂಥ ತುಂಬಿದ ಸಭೆಯಾಗಲಿ. ಜನವರಿಯಲ್ಲಿ ಪರೀಕ್ಷಿಸಿ ಅಕ್ಟೋಬರ್‌ಗೆಂದು ಕೊಳ್ಳಬೇಡಿ. ಯಾವ ಕಾಲಕ್ಕೆ ಬೇಕೋ ಆ ಕಾಲದಲ್ಲೇ ಪರೀಕ್ಷೆಯಾಗಬೇಕು.

ಕೊನೆಯ ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ, ದುಡ್ಡು ಉಳಿಸುವುದು ಮಾತ್ರ ಅದೇ. ಐನೂರರಿಂದ ಸಾವಿರ ರೂಪಾಯಿಯ ಸಾಧಾರಣ ಕೊಲೋನ್ ಒಂದನ್ನು ತಂದು, ಯಾವ ಕೈಗೆ ಯಾವುದೆಂದು ನಿಮಗೆ ಹೇಳದೆ ಮನೆಯವರಿಂದ ಎರಡೂ ಕೈಗೆ ಹಾಕಿಸಿಕೊಳ್ಳಿ. ಹಾಕುವಾಗ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿ, ಒಂದು ಗಂಟೆ ಮೂಸಬೇಡಿ. 1 ಗಂಟೆಗೂ 3 ಗಂಟೆಗೂ ಮೂಸಿದಾಗ ಯಾವುದು ಯಾವುದೆಂದು ತಿಳಿಯದಿದ್ದರೆ, ಅಥವಾ ಅಗ್ಗದ್ದೇ ಹಿತವೆನಿಸಿದರೆ, ಆ ನೀಶ್ ಬಾಟಲಿ ನಿಮಗೆ ಬೇಡ.

ಎಲ್ಲಿ ಕೆಡುತ್ತದೆ

ಪಾತ್ರೆ ಸೋಪಿನ ನೆನಪು: ನಿಂಬೆಯ ಚುರುಕು ಬರುವುದು ಸಿಟ್ರಾಲ್‌ನಿಂದ, ಪಾತ್ರೆ ತೊಳೆಯುವ ಸೋಪಿನ ನಿಂಬೆಯೂ ಹೆಚ್ಚಾಗಿ ಅದೇ. ನಮ್ಮ ಮನೆಗಳಲ್ಲಿ ದಿನಾ ಎರಡು ಹೊತ್ತು ಮೂಗಿಗೆ ತಾಗುವ ವಾಸನೆಯಾದ್ದರಿಂದ ಪರ್ಫ್ಯೂಮ್ ಎಷ್ಟೇ ಚೆನ್ನಾಗಿದ್ದರೂ ಮನಸ್ಸು ಸಿಂಕಿನ ಕಡೆಗೆ ಹೋಗುತ್ತದೆ. ಹಾಗಾದರೆ ನಿಂಬೆ ಬಿಟ್ಟು ಬರ್ಗಮಾಟ್, ನೆರೋಲಿ, ಪೆಟಿಗ್ರೇನ್ ಮುಂದಿರುವುದನ್ನು ನೋಡಿ. ಎರಡನೇ ದಿನವೂ ಅದೇ ನೆನಪಾದರೆ ಮೂರನೇ ದಿನ ಬದಲಾಗುವುದಿಲ್ಲ.

ಗ್ರೇಪ್‌ಫ್ರೂಟ್‌ನ ನಿಜವಾದ ಗುಣ ಅತಿ ಸಣ್ಣ ಪ್ರಮಾಣದ ಗಂಧಕದ ಸಂಯುಕ್ತಗಳಲ್ಲಿದೆ. ಬೆವರು ಸೇರಿದಾಗ ಅದೇ ಹುಳಿ ಹುಳಿಯಾಗಿ, ಕೆಲವರ ಮೈಮೇಲೆ ಬೆಕ್ಕಿನ ಮೂತ್ರದಂತೆ ತಿರುಗುವುದುಂಟು. ಬೆವರು ಹೆಚ್ಚಿರುವವರು ಗ್ರೇಪ್‌ಫ್ರೂಟ್ ಪ್ರಧಾನವಾದದ್ದನ್ನು ರೈಲಿನ ಪರೀಕ್ಷೆ ಆಗದೆ ಕೊಳ್ಳಲೇಬಾರದು.

ಮೂರು ಗಂಟೆಯ ನಂತರ ಕಬ್ಬಿಣ ಉಜ್ಜಿದಂಥ, ತಲೆಗೆ ಹತ್ತುವ ಕಟು ಮರದ ವಾಸನೆ ಉಳಿದರೆ, ಹೆಚ್ಚು ಹೊತ್ತು ನಿಲ್ಲಲೆಂದು ಕೃತಕ ಮರದ ರಾಸಾಯನಿಕ ಧಾರಾಳವಾಗಿ ಸುರಿದಿದ್ದಾರೆಂದು ಅರ್ಥ. ‘12 ಗಂಟೆ ನಿಲ್ಲುತ್ತದೆ’ ಎಂದು ಹೊಗಳಿಸಿಕೊಳ್ಳುವ ಸಿಟ್ರಸ್‌ಗಳಲ್ಲಿ ಇದು ಮೇಲಿಂದ ಮೇಲೆ ಸಿಗುತ್ತದೆ. ನಮ್ಮ ಅಭಿಪ್ರಾಯ ಸ್ಪಷ್ಟ: ನಾಲ್ಕು ಗಂಟೆ ಚೆಲುವಾಗಿದ್ದು ಸದ್ದಿಲ್ಲದೆ ಇಳಿಯುವ ಸಿಟ್ರಸ್, ಹನ್ನೆರಡು ಗಂಟೆ ಕಿರುಚುವುದಕ್ಕಿಂತ ಮೇಲು. ಹೊತ್ತು ಸಾಲದಿದ್ದರೆ 5 ಮಿಲಿ ಸ್ಪ್ರೇ ಶೀಶೆ ತುಂಬಿ ಚೀಲದಲ್ಲಿಟ್ಟು, ಮಧ್ಯಾಹ್ನ ಊಟವಾದ ಮೇಲೆ ಬೆವರು ಒರೆಸಿ ಎರಡು ಸ್ಪ್ರೇ ಹಾಕಿಕೊಳ್ಳಿ. ಬೆವರಿನ ಮೇಲೇ ಹೊಡೆದರೆ ಎರಡೂ ಸೇರಿ ಕಮಟಾಗುತ್ತದೆ. ಬೆಳಿಗ್ಗೆಯೇ ಎಂಟು ಸ್ಪ್ರೇ ಹಾಕಿ ಲೋಕಲ್ ಹತ್ತಿದರೆ ಪಕ್ಕದಲ್ಲಿ ಒತ್ತಿ ನಿಂತವರಿಗೆ ಹಿಂಸೆ. ರೈಲಿಗೆ ಮೂರು ಸಾಕು, ಅದರಲ್ಲಿ ಎರಡು ಬಟ್ಟೆಯ ಒಳಗೆ.

ಬಟ್ಟೆ ಚರ್ಮಕ್ಕಿಂತ ತಣ್ಣಗಿರುವುದರಿಂದ ಸಿಪ್ಪೆಯ ಘಮ ಅಲ್ಲಿ ಹೆಚ್ಚು ಹೊತ್ತು ಇರುತ್ತದೆ. ಆದರೆ ಸಿಟ್ರಸ್ ಎಣ್ಣೆಗಳಿಗೆ ಹಳದಿ-ಹಸಿರು ಬಣ್ಣ ಇರುತ್ತದೆ. ಬಿಳಿ ಅಂಗಿಯ ಕೆಳ ಅಂಚಿನಲ್ಲಿ ಒಂದು ಸಲ ಹೊಡೆದು ಒಣಗಿಸಿ ನೋಡದೆ ಕಾಲರಿಗೆ ಹಾಕಬೇಡಿ. ರೇಷ್ಮೆ ಪಂಚೆ, ಜರಿ ಶಲ್ಯಕ್ಕೆ ಎಂದಿಗೂ ಬೇಡ, ಕಲೆ ಹೋಗುವುದಿಲ್ಲ.

ಕೊಂಡ ಮೇಲೆ ಹಳಸುವುದರಲ್ಲೂ ಸಿಟ್ರಸ್ಸೇ ಮೊದಲು. ಗಾಳಿ ತಾಗಿದ ಲಿಮೊನೀನ್ ಆಕ್ಸಿಜನ್ ಹೀರಿ ಬದಲಾಗುತ್ತದೆ. ಸಿಪ್ಪೆಯ ಹೊಳಪು ಹೋಗಿ ಟರ್ಪಂಟೈನ್‌ನಂಥ ವಾಸನೆ ಇಣುಕುತ್ತದೆ. ಹಾಗೆ ಬದಲಾದ ಲಿಮೊನೀನ್ ಚರ್ಮದ ಅಲರ್ಜಿಗೂ ಕಾರಣ, ಆದ್ದರಿಂದ ಹಳಸಿದ ಬಾಟಲಿಯನ್ನು ‘ದುಬಾರಿಯದು’ ಎಂದು ಮೈಗೆ ಹಾಕಿಕೊಳ್ಳುವುದು ಬೇಡ. ಬಾತ್‌ರೂಮಿನ ಶೆಲ್ಫು, ಕಿಟಕಿಯ ಕಟ್ಟೆ, ಕಾರಿನ ಡ್ಯಾಶ್‌ಬೋರ್ಡು ಮೂರೂ ಕೆಟ್ಟ ಜಾಗಗಳು. ಡಬ್ಬಿಯೊಳಗಿಟ್ಟು ಒಳಕೋಣೆಯ ಕಪಾಟಿನ ಕೆಳತಟ್ಟಿನಲ್ಲಿಡಿ. ಏಪ್ರಿಲ್-ಮೇನಲ್ಲಿ ಫ್ರಿಜ್ ಬಾಗಿಲಿನಲ್ಲಿಟ್ಟರೂ ನಡೆಯುತ್ತದೆ. ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು, ಹಳಸುವುದೂ ಬೇಗ. ಹಾಗಾಗಿ ಮಿಲಿಗೆ ಲೆಕ್ಕ ಹಾಕಿದರೆ 100 ಮಿಲಿ ಅಗ್ಗವೆನಿಸಿದರೂ 30 ಅಥವಾ 50 ಮಿಲಿ ಸಿಕ್ಕರೆ ಅದನ್ನೇ ತನ್ನಿ. ದೊಡ್ಡ ಬಾಟಲಿಯ ಒಂದು ಸ್ಪ್ರೇ ಸುಮಾರು 0.1 ಮಿಲಿ, ದಿನಕ್ಕೆ ಐದರಂತೆ 50 ಮಿಲಿ 100 ದಿನ ಬರುತ್ತದೆ. ತೆರೆದ ತಾರೀಖನ್ನು ಟೇಪಿನ ಚೂರಿನ ಮೇಲೆ ಬರೆದು ಬಾಟಲಿಯ ತಳಕ್ಕೆ ಅಂಟಿಸಿ.